ಮೂವತ್ತು ಸೆಕೆಂಡಿನಲ್ಲಿ ಕಾಣೆಯಾದ ಶಾಂತವ್ವ

ನಾನು ನಿವೃತ್ತಳು ಅಂದರೆ ಜನ ನಗುತ್ತಾರೆ. ವಯಸ್ಸು ಮೂವತ್ತೆರಡು. ಆದರೆ ಜಮಖಂಡಿಯ ಒಂದು ಕಾಲೇಜಿನಲ್ಲಿ ಎಂಟು ವರ್ಷ ಫೋಟೋಗ್ರಫಿ ಕಲಿಸಿದ್ದೇನೆ. ಕೋರ್ಸು ಮುಚ್ಚಿದ ದಿನ ನನಗೂ ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು, ನನ್ನ ಹೆಸರನ್ನು ತಪ್ಪಾಗಿ ಉಚ್ಚರಿಸಿ 'ಇವರ ಸೇವೆ ಅಮೋಘ' ಅಂದರು. ಶಾಲು, ಕಾಯಿ, ಸುಳ್ಳು ಹೊಗಳಿಕೆ ಮೂರೂ ಸಿಕ್ಕ ಮೇಲೂ ಇದು ನಿವೃತ್ತಿ ಅಲ್ಲ ಅನ್ನುವವರು ಎದುರಿಗೆ ಬಂದು ವಾದ ಮಾಡಲಿ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಢಾಲುಗಳು ನಮ್ಮ ಮನೆಯ ಕಪಾಟಿನಲ್ಲಿ ಇನ್ನೂ ಇವೆ.

ಈಗ ಅದೇ ಕೋರ್ಸು ಹೊಸ ಹೆಸರಿನಲ್ಲಿ ಮತ್ತೆ ಶುರುವಾಗಿದೆ. ನನ್ನ ಜಾಗಕ್ಕೆ ಬಂದಿರುವ ನೀವು ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದಿರಿ. ಯಾವ ಲೆನ್ಸಿಗೆ ಬೂಷ್ಟು ಹಿಡಿದಿದೆ? ಯಾವ ಟ್ರೈಪಾಡಿನ ಕಾಲು ಜಾರುತ್ತದೆ? ಉತ್ತರ ಸುಲಭ: ಎಲ್ಲ ಲೆನ್ಸಿಗೂ, ಎಲ್ಲ ಕಾಲೂ. ನೀವು ಕೇಳದ ಮೂರನೆಯ ಪ್ರಶ್ನೆಗೆ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ನಿಜವಾಗಿ ಹೆದರಬೇಕಾದದ್ದು ಯಾವಾಗ ಎಂಬುದು ಆ ಪ್ರಶ್ನೆ. ಕ್ಯಾಮೆರಾ ಬಿದ್ದು ಒಡೆದಾಗ ಅಲ್ಲ. ಫೋಟೋ ಚೆನ್ನಾಗಿ ಬಂದಾಗ.

ಮೊದಲ ವರ್ಷ ಷಟರ್ ವೇಗ ಕಲಿಸಲು ಹುಡುಗರನ್ನು ಮುಧೋಳದ ಆಚೆ, ತಿಮ್ಮಾಪುರದ ಸಮೀಪ ಒಬ್ಬ ರೈತರ ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಅವರ ಮನೆಯಲ್ಲಿ ಒಂದು ಮುಧೋಳ ನಾಯಿ ಇತ್ತು. ಬೆನ್ನು ಬಿಲ್ಲಿನ ಹಾಗೆ, ಕಾಲು ಕಡ್ಡಿಯ ಹಾಗೆ. ಪಾಠ ಇಷ್ಟೇ: ಷಟರ್ ಎಂದರೆ ಕ್ಯಾಮೆರಾದ ರೆಪ್ಪೆ. ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ತೆರೆದು ಮುಚ್ಚಿದರೆ ಓಡುವ ನಾಯಿಯೂ ಕಲ್ಲಿನ ನಾಯಿಯ ಹಾಗೆ ನಿಲ್ಲುತ್ತದೆ. ನಿಧಾನವಾಗಿ ಮುಚ್ಚಿದರೆ ನಾಯಿ ಹೊಗೆಯಾಗುತ್ತದೆ. ಆರು ಸಲ ಓಡಿಸಿದೆವು. ಏಳನೆಯ ಸಲ ನಾಯಿ ಬೇವಿನ ಮರದ ಕೆಳಗೆ ಕುಳಿತು ನಾಲಿಗೆ ಚಾಚಿತು.

"ಅಕ್ಕಾರ, ರೊಟ್ಟಿ ತೋರ್ಸಿದ್ರ ಓಡ್ತೈತಿ," ಅಂದರು ಆ ರೈತರು. "ಕ್ಯಾಮೆರಾ ತೋರ್ಸಿದ್ರ ಅದು ಯಾಕ ಓಡ್ಬೇಕು? ಫೋಟೋ ಇಲ್ದ ಅದರ ಲಗ್ನಾ ನಿಂತೈತೇನು?"

ಒಂದು ಫೋಟೋ ಮಾತ್ರ ಸಿಕ್ಕಿತು. ನಾಲ್ಕೂ ಕಾಲು ನೆಲ ಬಿಟ್ಟು, ಹೊಟ್ಟೆಯ ಕೆಳಗೆ ಗಂಟು ಕಟ್ಟಿದ ಹಾಗೆ. ಹುಡುಗರು ನಂಬಲಿಲ್ಲ, ನಾಯಿ ಹಾಗೆ ಓಡುವುದಿಲ್ಲ ಅಂದರು. ನಾನು ಗೆದ್ದ ಧ್ವನಿಯಲ್ಲಿ, "ನಿಮ್ಮ ಕಣ್ಣು ಸುಳ್ಳು ಹೇಳುತ್ತದೆ, ಕ್ಯಾಮೆರಾ ಹೇಳುವುದಿಲ್ಲ" ಅಂದೆ. ಅರ್ಧ ಸತ್ಯವಾದ ವಾಕ್ಯ ಪೂರ್ತಿ ಸುಳ್ಳಿಗಿಂತ ಅಪಾಯ ಎಂದು ಚರ್ಚಾಸ್ಪರ್ಧೆಯಲ್ಲಿ ಎದುರಾಳಿಗೆ ಎಷ್ಟು ಸಲ ಹೇಳಿದ್ದೆನೋ. ನನಗೆ ನಾನು ಹೇಳಿಕೊಂಡಿರಲಿಲ್ಲ.

ಮರುವರ್ಷ ಬೀಳಗಿ ತಾಲೂಕಿನ ಗಲಗಲಿಯಲ್ಲಿ ಕೃಷ್ಣೆಯ ದಂಡೆ. ಅಲ್ಲಿ ಇದರ ಉಲ್ಟಾ ಪಾಠ: ಷಟರ್ ಅನ್ನು ಹದಿನೈದು ಸೆಕೆಂಡು ತೆರೆದಿಟ್ಟರೆ ಹರಿಯುವ ನೀರಿನ ಅಲೆ ಅಳಿಸಿಹೋಗಿ ಹಾಲಿನಂತೆ ನುಣ್ಣಗಾಗುತ್ತದೆ. ಹುಡುಗಿಯರು 'ಅಯ್ಯೋ ಎಷ್ಟು ಛಂದ' ಅಂದರು. ದಂಡೆಯ ಮೇಲೆ ಬಲೆ ಒಣಗಿಸುತ್ತಿದ್ದ ಮುದುಕರೊಬ್ಬರು ಪರದೆಯಲ್ಲಿ ಇಣುಕಿದರು.

"ಇದ್ಯಾವ ಹೊಳಿಬೇ?"

"ಇದೇ ಹೊಳಿ, ಅಜ್ಜಾರ."

"ಅಲ್ಲಿ ಸುಳಿ ಐತಿ. ನಿಮ್ಮ ಫೋಟೋದಾಗ ಇಲ್ಲ. ಇದನ್ನ ನೋಡಿ ಯಾರರೇ ಈಸಾಕ ಇಳದ್ರಂದ್ರ, ನೀವು ಬಂದು ತಗೀತೀರೇನು?"

ನಕ್ಕುಬಿಟ್ಟೆ. ಬಸ್ಸಿನಲ್ಲಿ ಹುಡುಗರ ಮುಂದೆ ಅವರ ಮಾತಿನ ಧಾಟಿಯನ್ನು ಅಣಕಿಸಿದೆ ಕೂಡ. ನಿಮಗೆ ಹೇಳುತ್ತಿದ್ದೇನೆ, ಈ ಕೆಲಸದಲ್ಲಿ ದಾರಿಹೋಕರು ಆಡುವ ಮಾತನ್ನು ಬರೆದಿಟ್ಟುಕೊಳ್ಳಿ. ಪಠ್ಯಪುಸ್ತಕದಲ್ಲಿ ಇಲ್ಲದ ಪಾಠ ಅವರ ಬಾಯಲ್ಲಿರುತ್ತದೆ. ನಾನು ಬರೆದಿಟ್ಟುಕೊಂಡಿರಲಿಲ್ಲ.

ಇನ್ನು ಎಡಿಟಿಂಗ್. ಒಂದು ಸಮಾರಂಭದ ಗುಂಪು ಫೋಟೋಗೆ ಆಡಳಿತ ಮಂಡಳಿಯ ಹಿರಿಯರೊಬ್ಬರು ಬರಲಿಲ್ಲ. 'ಕಂಪ್ಯೂಟರಿನಾಗ ಕುಂಡ್ರಿಸಿಬಿಡ್ರಿ' ಎಂದು ಮೇಲಿನಿಂದ ಹುಕುಂ ಬಂತು. ಕೂರಿಸಿದೆ. ಚೆನ್ನಾಗಿಯೇ ಕೂರಿಸಿದೆ ಅಂದುಕೊಂಡೆ. ಫ್ರೇಮು ಹಾಕಿಸಿ ಗೋಡೆಗೆ ಏರಿಸಿದ ಮೇಲೆ ಮೊದಲ ವರ್ಷದ ಒಬ್ಬ ಹುಡುಗ ಕೇಳಿದ, "ಮಿಸ್, ಇವರಿಗಷ್ಟ ಬ್ಯಾರೆ ಸೂರ್ಯಾ ಅದಾನೇನ್ರಿ?" ಎಲ್ಲರ ನೆರಳೂ ಎಡಕ್ಕೆ, ಅವರೊಬ್ಬರ ನೆರಳು ಬಲಕ್ಕೆ. ಫ್ರೇಮು ಇಳಿಸುವಷ್ಟರಲ್ಲಿ ಊರಿನ ಅರ್ಧ ಮೊಬೈಲುಗಳಲ್ಲಿ ಅದು ಇತ್ತು.

ಆ ಅವಮಾನದಲ್ಲಿ ಒಂದು ನಿಯಮ ಮಾಡಿದೆ. ನಮ್ಮ ವಾರ್ಷಿಕ ಪ್ರದರ್ಶನದಲ್ಲಿ ತೂಗುಹಾಕುವ ಪ್ರತಿ ಫೋಟೋದ ಕೆಳಗೂ ಒಂದು ಚೀಟಿ: ಊರು, ದಿನ, ವೇಳೆ, ಷಟರ್ ವೇಗ, ಕೊನೆಯಲ್ಲಿ 'ಈ ಚಿತ್ರವನ್ನು ಯಾವ ರೀತಿಯಲ್ಲೂ ತಿದ್ದಿಲ್ಲ' ಎಂಬ ಸಾಲು, ಅದರ ಕೆಳಗೆ ನನ್ನ ಸಹಿ. ತಿದ್ದುವುದನ್ನು ತರಗತಿಯಲ್ಲಿ ಕಲಿಸುತ್ತಿದ್ದೆ, ಗೋಡೆಗೆ ಏರಿಸುತ್ತಿರಲಿಲ್ಲ.

ಇದಕ್ಕೆ ವಿರೋಧ ಮಾಡಿದವರು ಒಬ್ಬರೇ, ನಮ್ಮ ವಿಭಾಗದ ಮುಖ್ಯಸ್ಥರಾದ ಮಾಳಿ ಸರ್. ಅವರು ರೀಲಿನ ಕಾಲದವರು. ಮೊದಲು ಸ್ಟುಡಿಯೋ ನಡೆಸಿದ್ದರು. ಕನ್ಯೆ ತೋರಿಸುವ ಫೋಟೋಗಳಿಗೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಅಳಿಸಿದ ಕೈ ಅದು.

"ಷಟರ್ ಎಷ್ಟೊತ್ತು ತಗೀಬೇಕು ಅಂತ ನೀವ ಆರಿಸ್ತೀರಿ," ಅಂದರು. "ಅಲ್ಲೇ ತಿದ್ದಿದಂಗಾತಲ್ರಿ. ಮತ್ತ ತಿದ್ದಿಲ್ಲ ಅಂತ ಸಹಿ ಹ್ಯಾಂಗ ಮಾಡ್ತೀರಿ?"

ಅವರ ವಾದಕ್ಕೆ ನಾನು ಮೂರು ಪ್ರತಿವಾದ ಕೊಟ್ಟೆ. ಮೂರೂ ಚೂಪಾಗಿದ್ದವು. ಅವರು ಚಹಾ ಬಟ್ಟಲು ಕೆಳಗಿಟ್ಟು, "ಆತ್ರಿ, ನೀವ ಗೆದ್ರಿ" ಅಂದು ಎದ್ದುಹೋದರು. ಚರ್ಚೆಯಲ್ಲಿ ಗೆಲ್ಲುವುದಕ್ಕೂ ಸರಿಯಾಗಿರುವುದಕ್ಕೂ ನಡುವೆ ಎಷ್ಟು ದೂರ ಎಂದು ತಿಳಿಯಲು ನನಗೆ ಒಬ್ಬ ನೇಕಾರ ಹೆಣ್ಣುಮಗಳ ಕೆಲಸ ಹೋಗಬೇಕಾಯಿತು.

ರೇಣುಕಾ ಬನಹಟ್ಟಿಯ ಹುಡುಗಿ, ಕೊನೆಯ ವರ್ಷದ ವಿದ್ಯಾರ್ಥಿನಿ. ಅವಳ ತಾಯಿಯ ತಂಗಿ ಶಾಂತವ್ವ ಈರಪ್ಪ ಸಾವ್ಕಾರರ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದಳು. ಒಬ್ಬಳಿಗೆ ನಾಲ್ಕು ಮಗ್ಗ. ನೀವು ಶೆಡ್ಡು ನೋಡಿಲ್ಲವಾದರೆ ಕೇಳಿ: ಮಗ್ಗ ತಾನೇ ನೇಯುತ್ತದೆ, ನಿಜ. ಆದರೆ ಲಾಳಿಯೊಳಗಿನ ನೂಲಿನ ಕಂಡಕಿ ತೀರಿದಾಗ ಬದಲಿಸಬೇಕು, ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿದರೆ ತಕ್ಷಣ ನಿಲ್ಲಿಸಿ ಗಂಟು ಹಾಕಬೇಕು. ಒಂದು ಹರಿದ ಎಳೆ ಕಣ್ಣು ತಪ್ಪಿತೋ, ಸೀರೆಯ ಉದ್ದಕ್ಕೂ ಗೀರು. ನಾಲ್ಕು ಮಗ್ಗಗಳ ನಡುವೆ ನೇಕಾರಳು ನಿಲ್ಲುವುದೇ ಇಲ್ಲ.

ರೇಣುಕಾಗೆ ಒಂದು ಆಸೆ ಇತ್ತು: ಇಡೀ ಶೆಡ್ಡಿನ ಸದ್ದನ್ನು ಫೋಟೋದಲ್ಲಿ ತೋರಿಸಬೇಕು. ಸದ್ದನ್ನು ತೋರಿಸುವುದು ಹೇಗೆ? ಷಟರನ್ನು ಮೂವತ್ತು ಸೆಕೆಂಡು ತೆರೆದಿಟ್ಟು, ಅಲುಗುವುದೆಲ್ಲ ಮಸುಕಾಗುವಂತೆ ಮಾಡು ಅಂದೆ. ಮಗ್ಗಗಳ ಹೊಡೆತಕ್ಕೆ ನೆಲವೇ ನಡುಗುತ್ತಿತ್ತು. ಅವಳು ಟ್ರೈಪಾಡಿನ ಕಾಲುಗಳ ಕೆಳಗೆ ಮಡಿಸಿದ ಗೋಣಿಚೀಲ ಹಾಕಿ, ಮೂರು ದಿನ ಹೋಗಿ ಬಂದು, ಒಂದು ಗುರುವಾರ ಮಧ್ಯಾಹ್ನ ಆ ಫೋಟೋ ತೆಗೆದಳು. ಮಗ್ಗದ ಕಬ್ಬಿಣದ ಚೌಕಟ್ಟುಗಳು ಸ್ಪಷ್ಟವಾಗಿ ನಿಂತಿದ್ದವು. ನಡುವೆ ಲಾಳಿ ಓಡುವ ಜಾಗದಲ್ಲಿ ಬಿಳಿ ಹೊಗೆ. ಸದ್ದು ನಿಜವಾಗಿಯೂ ಕಾಣುತ್ತಿತ್ತು. ಎಂಟು ವರ್ಷದಲ್ಲಿ ನನ್ನ ವಿದ್ಯಾರ್ಥಿಗಳು ತೆಗೆದ ಫೋಟೋಗಳಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಗೋಡೆಯ ನಡುಮಧ್ಯ ತೂಗುಹಾಕಿದೆ. ಚೀಟಿ ಅಂಟಿಸಿದೆ. ಸಹಿ ಹಾಕಿದೆ.

ಮುಂದಿನ ಗುರುವಾರ ಪ್ರದರ್ಶನ. ಶೆಡ್ಡು ಕೊಟ್ಟ ಕೃತಜ್ಞತೆಗೆ ಈರಪ್ಪ ಸಾವ್ಕಾರರನ್ನು ಕರೆದಿದ್ದೆವು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಬಹಳ ಹೊತ್ತು ಆ ಫೋಟೋದ ಮುಂದೆ ನಿಂತರು. ನಾನು ಹೊಗಳಿಕೆಗೆ ಕಾಯುತ್ತ ಪಕ್ಕದಲ್ಲಿ ನಿಂತೆ.

"ಮೇಡಮ್ಮಾರ, ಇದು ತಿದ್ದಿದ್ದಲ್ಲ?"

"ಒಂದು ಚುಕ್ಕೀನೂ ತಿದ್ದಿಲ್ರಿ."

"ಗುರುವಾರ, ಮಧ್ಯಾಹ್ನ. ಹೌದಲ್ರಿ?"

"ವೇಳೆ ಸಹಿತ ಬರೆದೇವಿ ನೋಡ್ರಿ," ಅಂದೆ, ಹೆಮ್ಮೆಯಿಂದ.

ಅವರು ಮೊಬೈಲ್ ತೆಗೆದು ಫೋಟೋವನ್ನೂ ಚೀಟಿಯನ್ನೂ ಸೇರಿಸಿ ಹಿಡಿದುಕೊಂಡರು. ಚಹಾ ಕುಡಿಯದೆ ಹೊರಟರು. ಫೋಟೋ ಅಷ್ಟು ಮೆಚ್ಚಿಕೊಂಡರಲ್ಲ ಎಂದು ನಾನು ಮಾಳಿ ಸರ್‌ಗೆ ಕೊಚ್ಚಿಕೊಂಡೆ.

ಶುಕ್ರವಾರ ಕೊನೆಯ ಪಿರಿಯಡ್ಡಿಗೆ ರೇಣುಕಾ ಬಂದಳು. ಬಾಗಿಲಲ್ಲೇ ನಿಂತಳು.

"ಮಿಸ್, ನನ್ನ ಫೋಟೋ ನಮ್ಮ ಚಿಗವ್ವನ ಕೆಲಸಾ ತಿಂತು."

ಆ ಗುರುವಾರ ಮಧ್ಯಾಹ್ನ ಶಾಂತವ್ವನ ಮೂರನೇ ಮಗ್ಗದಿಂದ ಇಳಿದ ಸೀರೆಯಲ್ಲಿ ಉದ್ದಕ್ಕೆ ಗೀರು ಬಿದ್ದಿತ್ತು. ವ್ಯಾಪಾರಿ ಅದನ್ನು ವಾಪಸು ಕಳಿಸಿದ್ದ. ನೀ ಮಗ್ಗ ಬಿಟ್ಟು ಹೋಗಿದ್ದೆ ಎಂದು ಸಾವ್ಕಾರರು, ಇಲ್ಲ ಎಂದು ಅವಳು; ಎರಡು ದಿನದಿಂದ ಮಾತು ನಡೆದಿತ್ತು. ಈಗ ಅವರಿಗೆ ಸಾಕ್ಷಿ ಸಿಕ್ಕಿತ್ತು. ಫೋಟೋದಲ್ಲಿ ನಾಲ್ಕು ಮಗ್ಗ ಇದ್ದವು, ಮಗ್ಗದ ಹತ್ತಿರ ಯಾರೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಎಲ್ಲ ನೇಕಾರರ ಮುಂದೆ ಮೊಬೈಲ್ ಎತ್ತಿ ತೋರಿಸಿ, 'ಸೋಮವಾರದಿಂದ ಬ್ಯಾರೆ ಹೆಣ್ಮಗಳು ಬರ್ತಾಳ' ಅಂದಿದ್ದರು.

"ನೀನೇ ಅಲ್ಲಿದ್ದೆಯಲ್ಲ," ಅಂದೆ. "ನೀ ಹೇಳಲಿಲ್ಲೇನು?"

"ಹೇಳೀನಿ. ನೀ ಆಕಿ ಅಕ್ಕನ ಮಗಳು, ಮತ್ತೇನ್ ಹೇಳ್ತಿ ಅಂದ್ರು." ಅವಳು ತಲೆ ತಗ್ಗಿಸಿದಳು. "ಖರೆ ಹೇಳ್ಬೇಕಂದ್ರ ಮಿಸ್, ಆ ಮೂವತ್ತು ಸೆಕೆಂಡು ನಾ ಕ್ಯಾಮೆರಾದ ಗಡಿಯಾರ ನೋಡಾಕತ್ತಿದ್ದೆ. ಚಿಗವ್ವನ ನೋಡಿಲ್ಲ."

ಶಾಂತವ್ವ ಅಲ್ಲಿ ಇದ್ದಿರಬಹುದು. ನಾಲ್ಕು ಮಗ್ಗದ ನಡುವೆ ಓಡಾಡುತ್ತ ಎಲ್ಲೂ ನಿಲ್ಲದ ಕಾರಣಕ್ಕೇ ಷಟರು ಅವಳನ್ನು ಅಳಿಸಿರಬಹುದು. ನಿಧಾನದ ಷಟರಿನಲ್ಲಿ ಕೂತವನು ಉಳಿಯುತ್ತಾನೆ, ಓಡಾಡುವವನು ಮಾಯವಾಗುತ್ತಾನೆ. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ. ಗೊತ್ತಿದ್ದೂ ಅದರ ಕೆಳಗೆ 'ತಿದ್ದಿಲ್ಲ' ಎಂದು ಸಹಿ ಹಾಕಿದವಳು ನಾನು.

ಶನಿವಾರ ಬನಹಟ್ಟಿಗೆ ಹೋದೆ. ರೇಣುಕಾ ಕ್ಯಾಮೆರಾ ಹೊತ್ತುಕೊಂಡಿದ್ದಳು. ಬಸ್ಸಿನಲ್ಲಿ ನನ್ನ ವಾದವನ್ನು ಮೂರು ಸಲ ಒಪ್ಪಿಸಿಕೊಂಡೆ; ಮೂರೂ ಸಲ ನಡುವೆಯೇ ಎಡವಿದೆ. ಸ್ಪರ್ಧೆಯಲ್ಲಿ ಸೋತರೆ ಢಾಲು ಹೋಗುತ್ತದೆ, ಇಲ್ಲಿ ಹೋಗುವುದು ಇನ್ನೊಬ್ಬರ ಬದುಕು. ಆ ವ್ಯತ್ಯಾಸಕ್ಕೆ ಯಾವ ಸ್ಪರ್ಧೆಯೂ ನನ್ನನ್ನು ತಯಾರು ಮಾಡಿರಲಿಲ್ಲ.

ಶೆಡ್ಡಿನಲ್ಲಿ ಕಿವಿ ಮುಚ್ಚುವ ಸದ್ದು. ಶಾಂತವ್ವನ ಮಗ್ಗಗಳು ನಿಂತಿದ್ದವು, ಉಳಿದವು ನಡೆಯುತ್ತಿದ್ದವು. ಸಾವ್ಕಾರರ ಕಿವಿಯ ಹತ್ತಿರ ಕೂಗಿ ಹೇಳಿದೆ: "ನೀವ ಒಮ್ಮೆ ಕ್ಯಾಮೆರಾದ ಮುಂದ ಓಡಾಡ್ರಿ. ಮೂವತ್ತೇ ಸೆಕೆಂಡು."

"ನಾ ಯಾಕ ಓಡಾಡ್ಲಿ? ನನಗೇನು ಮಾಡಾಕ ಬ್ಯಾರೆ ಕೆಲಸಾ ಇಲ್ಲೇನ್ರಿ?"

ಆದರೂ ಓಡಾಡಿದರು. ಮಗ್ಗದಿಂದ ಮಗ್ಗಕ್ಕೆ, ಅರಿವೆ ಮುಟ್ಟಿ ನೋಡುತ್ತ, ಹಾಸು ಬಗ್ಗಿ ನೋಡುತ್ತ. ನೇಕಾರರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಫೋಟೋ ತೋರಿಸಿದೆ. ಮಗ್ಗಗಳು ಇದ್ದವು. ಟೋಪಿ ಇಲ್ಲ, ಅಂಗಿ ಇಲ್ಲ, ಸಾವ್ಕಾರರು ಇಲ್ಲ.

"ಅರೇ! ಸಾವ್ಕಾರ್ರ ಮಾಯಾದ್ರಲ್ಲೋ ಯಪ್ಪಾ!" ಅಂದಳು ಪಕ್ಕದ ಮಗ್ಗದವಳು.

ಸಾವ್ಕಾರರೂ ಒಂದು ಕ್ಷಣ ನಕ್ಕರು. ಗೆದ್ದೆ ಅಂದುಕೊಂಡೆ. ಆಮೇಲೆ ಅವರು ನನ್ನನ್ನು ಶೆಡ್ಡಿನ ಹೊರಗೆ ಕರೆದು, ಸದ್ದಿಲ್ಲದ ಜಾಗದಲ್ಲಿ ನಿಲ್ಲಿಸಿ ಹೇಳಿದರು:

"ಮೇಡಮ್ಮಾರ, ನಾ ಶಾಣ್ಯಾ ಅಲ್ಲ, ಸಾಲಿ ಕಲ್ತಾಂವಲ್ಲ. ನಾ ಇದ್ದೂ ಕಾಣಲಿಲ್ಲ, ಆತು, ಒಪ್ದೆ. ಆದ್ರ ಆಕಿ ಇಲ್ದ ಹೋಗಿದ್ರೂ ಇದ ಫೋಟೋ ಬರ್ತಿತ್ತಲ್ರಿ? ಆಕಿ ಇದ್ಲು ಅಂತ ಇದ್ರಾಗ ಎಲ್ಲಿ ಐತಿ, ತೋರ್ಸ್ರಿ."

ಎಂಟು ವರ್ಷ ಹುಡುಗರಿಗೆ ಹೇಳಿಕೊಟ್ಟ ಮೊದಲ ನಿಯಮವನ್ನೇ ಅವರು ಹೇಳಿದ್ದರು: ಕಾಣದಿರುವುದು ಇಲ್ಲದಿರುವುದಕ್ಕೂ ಸಾಕ್ಷಿ ಅಲ್ಲ, ಇರುವುದಕ್ಕೂ ಅಲ್ಲ. ನನ್ನ ಪ್ರಯೋಗ ಫೋಟೋವನ್ನು ಸುಳ್ಳುಮಾಡಿತ್ತು, ಶಾಂತವ್ವನನ್ನು ಒಳಗೆ ತಂದಿರಲಿಲ್ಲ. ಮೂವತ್ತು ಸೆಕೆಂಡು ಅಂದರೆ ಎಷ್ಟು ಮಹಾ ಹೊತ್ತು ಎಂದು ಕೊನೆಯ ಅಸ್ತ್ರ ಬಿಟ್ಟೆ. "ಹರಿದ ಎಳಿಗೆ ಮೂವತ್ತು ಸೆಕೆಂಡು ಭಾಳಾತು, ಕೇಳ್ರಿ ಯಾರನ್ನರೇ" ಅಂದರು. ಕೇಳಬೇಕಾಗಿರಲಿಲ್ಲ.

ಕಾಲೇಜಿಗೆ ಮರಳಿದಾಗ ಮಾಳಿ ಸರ್ ಲ್ಯಾಬಿನಲ್ಲಿದ್ದರು. ಎಲ್ಲ ಕೇಳಿದರು. 'ನಾ ಹೇಳಿದ್ದೆ' ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

"ಎರಡೂ ಫೋಟೋ ತಗೀರಿ. ಕತ್ತಲಿ ಮ್ಯಾಲ ಎತ್ರಿ. ನೆರಳಿನೊಳಗ ಏನರೇ ಉಳದೈತೇನು ನೋಡೂನು."

"ತಿದ್ದಿದ ಫೋಟೋ ಸಾಕ್ಷಿ ಆಗ್ತದೇನು ಸರ್? ನನ್ನ ಚೀಟಿ ಏನಂತದ?"

"ನಿಮ್ಮ ಚೀಟಿ ಉಳೀಬೇಕೋ, ಆಕಿ ಕೆಲಸಾ ಉಳೀಬೇಕೋ? ಬಡಾಬಡಾ ಹೇಳ್ರಿ, ನಂಗ ಬಸ್ಸಿಗೆ ಹೊತ್ತಾಕ್ಕೈತಿ."

ನಾನು ಉತ್ತರಿಸುವ ಮೊದಲೇ ರೇಣುಕಾ ಲ್ಯಾಪ್‌ಟಾಪ್ ತೆರೆದಿದ್ದಳು. ಮೊದಲು ಸಾವ್ಕಾರರ ಫೋಟೋ. ಕಪ್ಪಾಗಿದ್ದ ಭಾಗಗಳನ್ನು ಸ್ವಲ್ಪ ಸ್ವಲ್ಪವೇ ಬೆಳಗಿಸಿದಳು. ಕಬ್ಬಿಣದ ಹಿಂದಿನ ಕತ್ತಲು ಬೂದಿಯ ಬಣ್ಣಕ್ಕೆ ತಿರುಗಿತು. ಅದರೊಳಗೆ ಸಾಸಿವೆ ಚೆಲ್ಲಿದಂತೆ ಒಂದು ಸಣ್ಣ ಚುಕ್ಕೆಗಳ ಸಾಲು. ಮಗ್ಗದಿಂದ ಮಗ್ಗಕ್ಕೆ, ಸೊಂಟದ ಎತ್ತರದಲ್ಲಿ.

"ಇದೇನ್ ಮಿಸ್, ಹೊಲಸೇನು?"

ಹೊಲಸಲ್ಲ. ಸಾವ್ಕಾರರ ಕೈಗಡಿಯಾರ. ಮೈ ಮಾಯವಾಗಿತ್ತು, ಆದರೆ ಉಕ್ಕಿನ ಪಟ್ಟಿಯ ಮೇಲೆ ಮಿಂಚಿದ ಬೆಳಕು ಮಾಯವಾಗುವಷ್ಟು ಮಂದವಾಗಿರಲಿಲ್ಲ. ಗೆರೆಯಾಗಬೇಕಾದದ್ದು ಚುಕ್ಕೆ ಯಾಕಾಯಿತು? ಟ್ಯೂಬ್‌ಲೈಟು ನಮ್ಮ ಕಣ್ಣಿಗೆ ಗೊತ್ತಾಗದಷ್ಟು ಬೇಗ ಬೇಗ ಆರಿ ಹತ್ತುತ್ತದೆ. ಹತ್ತಿದಾಗೊಂದು ಚುಕ್ಕೆ, ಆರಿದಾಗ ಖಾಲಿ. ಕೈ ಬೇಗ ಹೋದಲ್ಲಿ ಚುಕ್ಕೆ ದೂರ ದೂರ, ನಿಧಾನವಾದಲ್ಲಿ ಒತ್ತೊತ್ತು.

ರೇಣುಕಾ ತನ್ನ ಫೋಟೋ ತೆರೆದಳು. ನಾನು ಕಿಟಕಿಯ ಕಡೆಗೆ ತಿರುಗಿ ನಿಂತೆ. ಏನೂ ಇಲ್ಲದಿದ್ದರೆ? ಶಾಂತವ್ವ ನಿಜವಾಗಿಯೂ ನೀರು ಕುಡಿಯಲು ಹೊರಗೆ ಹೋಗಿದ್ದರೆ? ಆಗ ನಾನೇನು ಮಾಡುತ್ತೇನೆ, ಫೋಟೋ ಮುಚ್ಚಿಡುತ್ತೇನೆಯೇ? ಸಂದೇಹ ಪಡುವುದೇ ಧರ್ಮ ಎಂದು ವೇದಿಕೆಗಳಲ್ಲಿ ಬೀಗಿದವಳು ಆ ಹೊತ್ತಿನಲ್ಲಿ ಸಂದೇಹಕ್ಕೆ ಹೆದರಿದ್ದೆ.

"ಬಳಿ," ಅಂದರು ಮಾಳಿ ಸರ್. "ನೋಡ್ರಿಲ್ಲೆ. ಕೈಯಾಗಿನ ಗಾಜಿನ ಬಳಿ."

ಎರಡು ಕೈಯ ಬಳೆಗಳ ಎರಡು ಸಾಲು. ಒಂದನೇ ಮಗ್ಗದ ಹತ್ತಿರ ಒಂದು ಕುಣಿಕೆಯ ಹಾಗೆ ಸುತ್ತಿ, ಎರಡನೆಯದನ್ನು ದಾಟಿ, ಮೂರನೆಯದರ ಮೇಲೆ ಇರುವೆಗೂಡಿನಷ್ಟು ಒತ್ತಾಗಿ ಕೂಡಿಕೊಂಡಿದ್ದವು.

ಭಾನುವಾರ ಬೆಳಿಗ್ಗೆ ನಾನು, ರೇಣುಕಾ, ಶಾಂತವ್ವ ಮೂವರೂ ಸಾವ್ಕಾರರ ಮನೆಯ ಕಟ್ಟೆಯ ಮೇಲೆ ಕುಳಿತೆವು. ಶಾಂತವ್ವನನ್ನು ನಾನು ನೋಡಿದ್ದು ಅದೇ ಮೊದಲು. ನಲವತ್ತು ದಾಟಿದ ಹೆಣ್ಣುಮಗಳು, ತೆಳ್ಳಗೆ, ಕೂದಲಲ್ಲಿ ಹತ್ತಿಯ ಎಳೆ. ಕ್ಷಮೆ ಕೇಳಲು ಬಾಯಿ ತೆರೆದೆ. "ಇರ್ಲಿ ಬಿಡ್ರಿ ಅಕ್ಕಾರ. ಫೋಟೋ ಛಲೋ ಐತಂತ. ನನ್ನೊಬ್ಬಾಕಿನ ಬಿಟ್ಟು ಎಲ್ಲಾ ಛಲೋ ಬಂದೈತಂತ," ಅಂದಳು. ಇದಕ್ಕಿಂತ ಬೈದಿದ್ದರೆ ವಾಸಿ.

ಸಾವ್ಕಾರರ ಎದುರೇ ಅವರ ಫೋಟೋವನ್ನು ಬೆಳಗಿಸಿ ಗಡಿಯಾರದ ಚುಕ್ಕೆ ತೋರಿಸಿದೆ. ತಾವು ಅರಿವೆ ಮುಟ್ಟಿ ನಿಂತ ಜಾಗವನ್ನು ಅವರೇ ಗುರುತು ಹಿಡಿದರು. ನಂತರ ಶಾಂತವ್ವನ ಫೋಟೋವನ್ನೂ ಅದೇ ಬಗೆಯಲ್ಲಿ, ಅವರ ಕಣ್ಣೆದುರಿಗೇ.

"ಅಂದ್ರ ತಿದ್ದಿದ್ದು ಖರೆ, ತಿದ್ದಲಾರದ್ದು ಸುಳ್ಳು ಅಂತೀರಿ?" ಅಂದರು. "ನಿನ್ನಿ ತನಕಾ ತಿದ್ದಬಾರ್ದು ಅಂತಿದ್ರಿ."

"ನಿನ್ನಿ ತನಕಾ ನಾ ತಪ್ಪು ತಿಳ್ಕೊಂಡಿದ್ದೆರಿ." ಈ ವಾಕ್ಯವನ್ನು ಯಾವ ವೇದಿಕೆಯ ಮೇಲೂ ನಾನು ಆಡಿರಲಿಲ್ಲ.

ಅವರು ನನ್ನ ಮಾತಿಗೆ ಗಮನ ಕೊಟ್ಟಿರಲಿಲ್ಲ. ಕನ್ನಡಕ ಏರಿಸಿ, ಒಂದನೇ ಮಗ್ಗದ ಹತ್ತಿರದ ಆ ಕುಣಿಕೆಯನ್ನೇ ನೋಡುತ್ತಿದ್ದರು. ಸಾವ್ಕಾರರಾಗುವ ಮೊದಲು ಈರಪ್ಪನವರೂ ನೇಕಾರರೇ. ಅವರ ಎಡಗೈ ತನ್ನಷ್ಟಕ್ಕೆ ಎದ್ದಿತು. ಗಾಳಿಯಲ್ಲಿ ಲಾಳಿ ಹಿಡಿದಂತೆ ಹಿಡಿದು, ಬಲಗೈಯಿಂದ ಖಾಲಿ ಕಂಡಕಿ ಕಿತ್ತು, ಹೊಸದನ್ನು ಒತ್ತಿ, ನೂಲಿನ ತುದಿ ಎಳೆದು ಸುತ್ತಿದರು. ಪರದೆಯ ಮೇಲಿನ ಚುಕ್ಕೆಗಳು ಹೋದ ದಾರಿಯಲ್ಲೇ ಅವರ ಕೈ ಹೋಯಿತು.

"ಕಂಡಕಿ ಬದ್ಲಿ ಮಾಡೀದಿ," ಅಂದರು, ಶಾಂತವ್ವನ ಮುಖ ನೋಡದೆ.

"ಹೌದ್ರಿ."

"ಮೊದ್ಲ ಕಂಡಕಿ, ಆಮ್ಯಾಲ ಮೂರನೇ ಮಗ್ಗ?"

ಚುಕ್ಕೆಗಳ ಸಾಲು ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯಿತು ಎಂದು ಫೋಟೋ ಹೇಳುವುದಿಲ್ಲ. ಎಳೆ ಹರಿದ ಕೂಡಲೇ ಮೊದಲು ಮೂರನೇ ಮಗ್ಗಕ್ಕೆ ಹೋಗಿದ್ದೆ ಎಂದು ಅವಳು ಅಂದರೆ ಯಾರೂ ಅಲ್ಲಗಳೆಯುವಂತಿರಲಿಲ್ಲ. ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ದೇವರನ್ನು ನಂಬದವಳು ಹೊತ್ತ ಹರಕೆ.

"ಮೊದ್ಲ ಕಂಡಕಿರಿ," ಅಂದಳು ಶಾಂತವ್ವ. "ಅದನ್ನ ಹಾಕಿ ತಿರುಗೂದ್ರಾಗ ಮೂರನೇದ್ರಾಗ ಎಳಿ ಹರದಿತ್ತು. ಓಡಿ ಹೋಗಿ ಗಂಟು ಹಾಕೀನಿ. ಅಷ್ಟೊತ್ತಿಗೆ ಗೀರು ಬಿದ್ದಿತ್ತು. ಗೀರು ಬಿದ್ದಿಲ್ಲಂತ ನಾ ಯಾವಾಗ ಅಂದೀನ್ರಿ? ಮಗ್ಗಾ ಬಿಟ್ಟು ಹೋಗಿಲ್ಲ ಅಂದೀನಿ."

ಸಾವ್ಕಾರರು ಎದ್ದರು. "ನೋಡೂನು" ಎಂದಷ್ಟೇ ಹೇಳಿ ಒಳಗೆ ಹೋದರು. ಒಳಗಿನಿಂದ ಚಹಾ ಬಂತು, ಅವರು ಬರಲಿಲ್ಲ.

ಆ 'ನೋಡೂನು' ಅನ್ನು ನಾನು ಬಸ್ಸಿನಲ್ಲಿ ಇಪ್ಪತ್ತು ರೀತಿಯಲ್ಲಿ ಅರ್ಥ ಮಾಡಿದೆ. ಹೊಸ ಹೆಣ್ಣುಮಗಳಿಗೆ ಮಾತು ಕೊಟ್ಟಾಗಿದೆ. ಎಲ್ಲರ ಮುಂದೆ ಆಡಿದ ಮಾತನ್ನು ಯಾವ ಮಾಲೀಕ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ? ಅವಳು ತನ್ನ ಬಾಯಿಂದಲೇ ಗೀರಿನ ಹೊಣೆ ಒಪ್ಪಿಕೊಂಡಿದ್ದಾಳೆ. ಎದುರಾಳಿಯ ಪರವಾಗಿ ಇಷ್ಟು ಒಳ್ಳೆಯ ವಾದಗಳನ್ನು ನಾನು ಯಾವತ್ತೂ ಹೊಸೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಮೊಬೈಲನ್ನು ಮೇಜಿನ ಮೇಲಿಟ್ಟುಕೊಂಡೇ ಪಾಠ ಮಾಡಿದೆ. ಷಟರ್ ವೇಗದ ಪಟ್ಟಿಯನ್ನು ತಿರುವುಮುರುವಾಗಿ ಬರೆದೆ. ಹುಡುಗರು ತಿದ್ದಿದರು. ಎರಡನೇ ಪಿರಿಯಡ್ಡಿನ ನಡುವೆ ರೇಣುಕಾ ಫೋನ್ ಮಾಡಿದಳು. ಮೊದಲು ಮಗ್ಗದ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಅವಳು ಹೊರಗೆ ಓಡಿಬಂದಿರಬೇಕು.

"ಮಿಸ್, ಹೊಸಾಕಿಗೆ ಬರಬ್ಯಾಡ ಅಂದಾರಂತ!"

"ಮತ್ತ ಚಿಗವ್ವನ ಮಗ್ಗಾ ಯಾರು ನಡಸ್ಯಾಕತ್ತಾರ?"

"ಸಾವ್ಕಾರ್ರೇ ನಡಸ್ಯಾಕತ್ತಿದ್ರು ಮಿಸ್! ಅದನ್ನ ಕೇಳಿ ಚಿಗವ್ವ, ನಾನು ಹೋಗೂಮಟಾ ಅವರೊಬ್ರ, ಟೋಪಿ ತಗದಿಟ್ಟು, ನಾಲ್ಕೂ ಮಗ್ಗದ ನಡುವ ಓಡ್ಯಾಡಾಕತ್ತಿದ್ರು. ಅಂಗಿ ಎಲ್ಲಾ ತೊಯ್ದಿತ್ತು. ಎಲ್ಲಾರೂ ನೋಡಾಕತ್ತಿದ್ರು."

ಶಾಂತವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ನೇರ ಮೂರನೇ ಮಗ್ಗಕ್ಕೆ ಹೋಗಿ ಬಗ್ಗಿ ಅರಿವೆ ನೋಡಿದಳಂತೆ. ಸಾವ್ಕಾರರು ಪಕ್ಕಕ್ಕೆ ಸರಿದರಂತೆ. ಇಡೀ ಶೆಡ್ಡಿಗೆ ಕೇಳುವಂತೆ ಅವಳು ಕೂಗಿ ಕೇಳಿದಳಂತೆ:

"ಸಾವ್ಕಾರ್ರ, ಮುಂಜಾನಿಂದ ಎಷ್ಟು ಸೀರಿಗೆ ಗೀರು ಬಿತ್ರಿ?"

ಅವರು ಟೋಪಿ ತೆಗೆದುಕೊಂಡು ತಲೆಯ ಮೇಲೆ ಇಟ್ಟುಕೊಳ್ಳದೆ, ಕಂಕುಳಲ್ಲಿ ಹಿಡಿದುಕೊಂಡು ಬಾಗಿಲ ತನಕ ಹೋಗಿ, ತಿರುಗಿ ನಿಂತರಂತೆ.

"ಎರಡಕ್ಕ," ಅಂದರಂತೆ.